ಮನೆಯಿಂದ ಬಂದ ಪ್ರಾರ್ಥನೆಯನ್ನು ನಮ್ಮದಾಗಿಸಿಕೊಳ್ಳುವ ಬಗೆ

ಹೊನ್ನಾವರದ ಸುತ್ತಿನ ನಮ್ಮ ಕಥೋಲಿಕ ಮನೆಗಳಲ್ಲಿ ಮುಸ್ಸಂಜೆಗೆ ಜಪಮಾಲೆಯ ಪ್ರಾರ್ಥನೆಯಾದ ತೇರ್ಸ್‌ಗೆ ಕೂರುವುದು ರಾತ್ರಿ ಊಟಕ್ಕೆ ಕೂರುವಷ್ಟೇ ಸಹಜವಾದ ಸಂಗತಿ. ಗೋಡೆಗೆ ಹೊಂದಿಸಿದ ಸಣ್ಣ ಪೀಠದ ಮುಂದೆ ಮೇಣದ ಬತ್ತಿ ಹಚ್ಚುತ್ತಾರೆ. ಅಜ್ಜಿ ಜಪದ ಮೊದಲರ್ಧ ಹೇಳಿದರೆ ಮನೆಯವರೆಲ್ಲ ಉಳಿದರ್ಧ ಹೇಳುತ್ತಾರೆ. ಮುಗಿದ ಮೇಲೆ ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಬಳಿ ಹೋಗಿ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಾರೆ. ನಾನು ಹತ್ತೊಂಬತ್ತು ವರ್ಷ ಹೀಗೆಯೇ ಬೆಳೆದೆ. ಓದಿಗೆಂದು ಬೆಂಗಳೂರಿಗೆ ಹೋದ ಮೊದಲ ವಾರದಲ್ಲಿ ಜೊತೆಯ ಹುಡುಗನೊಬ್ಬ, ಆ ಮಣಿಗಳನ್ನು ಎಣಿಸುವಾಗ ಏನನ್ನು ನೆನೆಯುತ್ತೀರಿ ಎಂದು ನಿಜವಾದ ಕುತೂಹಲದಿಂದ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಸಾವಿರಾರು ಸಂಜೆ ಹೇಳಿದ ಪ್ರಾರ್ಥನೆಯ ಒಳಗೆ ನಾನು ಎಂದೂ ಕಾಲಿಟ್ಟಿರಲಿಲ್ಲ. ಅಂಥ ಸ್ಥಿತಿಯಲ್ಲಿರುವವರಿಗಾಗಿ, ಅಂದರೆ ಮನೆಯ ರೂಢಿಯನ್ನು ಬಿಡಲೂ ಆಗದೆ, ಅದು ತನ್ನದೆಂದು ಹೇಳಲೂ ಆಗದೆ ನಡುವೆ ನಿಂತವರಿಗಾಗಿ, ನನಗೆ ನೆರವಾದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದದ್ದು, ಧರ್ಮಸಭೆಯ (ಕಥೋಲಿಕ ಚರ್ಚಿನ) ಕಟ್ಟಳೆ ಯಾವುದು, ಮನೆಯ ಪದ್ಧತಿ ಯಾವುದು ಎಂಬುದನ್ನು ಬೇರೆಬೇರೆಯಾಗಿ ತಿಳಿದುಕೊಳ್ಳುವುದು. ನಮ್ಮಲ್ಲಿ ಅನೇಕರಿಗೆ ಇವೆರಡೂ ಒಂದೇ ಉಸಿರಿನಲ್ಲಿ ಕಲಿಸಲ್ಪಟ್ಟಿರುವುದರಿಂದ, ತೇರ್ಸ್ ತಪ್ಪಿದರೂ ಭಾನುವಾರದ ಪೂಜೆ ತಪ್ಪಿದರೂ ಮನಸ್ಸಿಗೆ ಒಂದೇ ತೂಕದ ಅಪರಾಧವಾಗಿ ಕಾಣುತ್ತದೆ. ವಾಸ್ತವದಲ್ಲಿ ಧರ್ಮಸಭೆ ತನ್ನ ಮಕ್ಕಳ ಮೇಲೆ ಕಡ್ಡಾಯವಾಗಿ ಹೊರಿಸಿರುವ ಆಚರಣೆಗಳು ಕೆಲವೇ: ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಬಲಿಪೂಜೆಯಲ್ಲಿ ಭಾಗವಹಿಸುವುದು, ಗಂಭೀರ ಪಾಪವಿದ್ದಲ್ಲಿ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡುವುದು, ಪಾಸ್ಕ (ಈಸ್ಟರ್) ಕಾಲದಲ್ಲಿ ಒಮ್ಮೆಯಾದರೂ ಪರಮಪ್ರಸಾದ ಸ್ವೀಕರಿಸುವುದು, ಗೊತ್ತುಪಡಿಸಿದ ದಿನಗಳಲ್ಲಿ ಉಪವಾಸ ಮತ್ತು ಮಾಂಸವರ್ಜನೆ ಮಾಡುವುದು, ಧರ್ಮಸಭೆಯ ಅಗತ್ಯಗಳಿಗೆ ಕೈಲಾದಷ್ಟು ನೆರವಾಗುವುದು. ಜಪಮಾಲೆ ಈ ಪಟ್ಟಿಯಲ್ಲಿಲ್ಲ. ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೆನಾ ಇಲ್ಲ. ಸಂತರ ಪ್ರತಿಮೆಗೆ ಹೊತ್ತ ಹರಕೆಯೂ ಇಲ್ಲ. ಅವು ಭಕ್ತಿಯ ದಾರಿಗಳೇ ಹೊರತು ಕಟ್ಟಳೆಗಳಲ್ಲ ಎಂದು ತಿಳಿದ ದಿನ ನನಗೆ ಹಗುರವೆನಿಸಿತು; ಆ ಹಗುರತನದಿಂದಲೇ ಜಪಮಾಲೆಯನ್ನು ಮೊದಲ ಬಾರಿಗೆ ಇಷ್ಟಪಟ್ಟು ಕೈಗೆತ್ತಿಕೊಳ್ಳಲು ಸಾಧ್ಯವಾಯಿತು.

ಉಪವಾಸದ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಮಾಂಸವರ್ಜನೆ 14 ವರ್ಷ ತುಂಬಿದವರಿಗೆ, ಉಪವಾಸ 18 ತುಂಬಿದವರಿಂದ 60ನೆಯ ವರ್ಷ ಆರಂಭವಾಗುವವರೆಗಿನವರಿಗೆ ಅನ್ವಯಿಸುತ್ತದೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಉಪವಾಸ, ಮಾಂಸವರ್ಜನೆ ಎರಡೂ ಸೇರಿ ಬರುತ್ತವೆ. ಕಾನೂನು ಬಿಡಲು ಹೇಳುವುದು ಮಾಂಸವನ್ನು, ಮೀನಿಗೆ ಅಡ್ಡಿಯಿಲ್ಲ. ಆದರೆ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ದಿನನಿತ್ಯದ ಊಟವೇ ಮೀನು ಸಾರು ಮತ್ತು ಅನ್ನ. ಇಲ್ಲಿನವರು ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದ ಶುಕ್ರವಾರ ಕೋಳಿ ಬಿಟ್ಟು ಬಂಗಡೆ ಸಾರು ಉಂಡರೆ ಕಟ್ಟಳೆಯ ಅಕ್ಷರ ಪಾಲನೆಯಾಗುತ್ತದೆ, ತ್ಯಾಗ ಮಾತ್ರ ಆಗುವುದಿಲ್ಲ. ನನ್ನ ಅಜ್ಜಿ ನಲವತ್ತು ದಿನವೂ ಮೀನು ಮುಟ್ಟುತ್ತಿರಲಿಲ್ಲ. ಅದನ್ನು ಆಕೆಗೆ ಯಾವ ಕಾನೂನೂ ಹೇಳಿರಲಿಲ್ಲ. ತನಗೆ ಯಾವುದು ನಿಜವಾಗಿ ಪ್ರಿಯವೋ ಅದನ್ನು ದೇವರ ಮುಂದಿಡಬೇಕೆಂದು ಆಕೆಯೇ ಕಂಡುಕೊಂಡಿದ್ದಳು. ಕೇವಲ ರೂಢಿಯೆಂದು ನಾವು ತಳ್ಳಿಹಾಕುವ ಎಷ್ಟೋ ಪದ್ಧತಿಗಳ ಬುಡದಲ್ಲಿ ಯಾರೋ ಒಬ್ಬರ ಖಾಸಗಿ ನಿರ್ಧಾರ ಇರುತ್ತದೆ. ಆದ್ದರಿಂದ ಮನೆಯ ಪದ್ಧತಿಯೊಂದನ್ನು ಬಿಡುವ ಮುನ್ನ, ಇದನ್ನು ಯಾರು, ಏಕೆ ಆರಂಭಿಸಿದರು ಎಂದು ಮನೆಯ ಹಿರಿಯರನ್ನು ಕೇಳಿ ನೋಡಬೇಕು.

ಹೀಗೆ ವಿಂಗಡಿಸಿದ ಮೇಲೆ, ಎಲ್ಲವನ್ನೂ ಒಮ್ಮೆಗೇ ಬಿಟ್ಟು ನೋಡೋಣವೆಂಬ ಆಸೆ ಹುಟ್ಟುವುದು ಸಹಜ. ಅದನ್ನು ತಡೆಯಿರಿ ಎಂಬುದು ನನ್ನ ಸಲಹೆ, ಏಕೆಂದರೆ ನಾನು ಹಾಗೆ ಮಾಡಿ ಎಂಟು ತಿಂಗಳು ಕಳೆದಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟವರಿಗೆ ತಮಗೆ ಬೇಡವಾಗಿದ್ದು ದೇವರೋ, ದಣಿವೋ, ಮನೆಯವರ ಕಣ್ಗಾವಲೋ ಎಂಬುದು ತಿಳಿಯದೆ ಹೋಗುತ್ತದೆ. ಹಾಗಿದ್ದರೂ ಆ ಎಂಟು ತಿಂಗಳು ಒಂದು ವಿಷಯವನ್ನು ಕಲಿಸಿತು. ನನಗೆ ತೇರ್ಸ್‌ನ ಕೊರತೆ ಕಾಡಲಿಲ್ಲ. ಅದರ ಕೊನೆಯ ಬೆಸಾಂವ್ ಕಾಡಿತು. ದಿನದ ಕೊನೆಯಲ್ಲಿ ಯಾರದೋ ಕೈ ತಲೆಯ ಮೇಲೆ ಬಂದು, ದೇವರು ಒಳ್ಳೆಯದು ಮಾಡಲಿ ಎಂಬ ಮಾತು ಕೇಳದೆ ಮಲಗುವುದು ಕಷ್ಟವಾಯಿತು. ನನಗೆ ಬೇಕಾಗಿದ್ದುದು ಆಶೀರ್ವದಿಸುವ ದೇವರು ಎಂದು ಗೊತ್ತಾದದ್ದು ಹಾಗೆ. ನೀವು ಏನನ್ನೂ ಬಿಡದೆಯೇ ಇದನ್ನು ತಿಳಿಯಬಹುದು. ಒಂದು ವಾರ ನೀವು ಮಾಡುವ ಪ್ರತಿಯೊಂದು ಆಚರಣೆಯನ್ನು, ಊಟಕ್ಕೆ ಮುಂಚಿನ ಶಿಲುಬೆಯ ಗುರುತಿನಿಂದ ಹಿಡಿದು ಭಾನುವಾರದ ಪೂಜೆಯವರೆಗೆ, ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರತಿಯೊಂದರ ಎದುರಿಗೆ, ಮನೆಯವರು ಯಾರೂ ನೋಡದಿದ್ದರೆ ಇದನ್ನು ಮಾಡುತ್ತಿದ್ದೆನೇ, ಇದು ನಾಳೆಯಿಂದ ಇಲ್ಲವಾದರೆ ಕೊರಗುತ್ತೇನೆಯೇ ಎಂಬ ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಹೌದೆಂಬ ಉತ್ತರ ಒಂದಕ್ಕಷ್ಟೇ ಬಂದರೂ ಸಾಕು. ಅಲ್ಲಿಂದಲೇ ಆರಂಭಿಸಬೇಕು.

ರೂಢಿಯನ್ನು ನಾನು ಇಷ್ಟು ಗೌರವದಿಂದ ಕಾಣುವುದಕ್ಕೆ ಈ ಕರಾವಳಿಯ ಇತಿಹಾಸವೂ ಕಾರಣ. ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್, 1681ರಿಂದ ಕೆಲವು ವರ್ಷ ಕನ್ನಡ ಜಿಲ್ಲೆಗಳ ಈ ಕರಾವಳಿಯಲ್ಲಿ ಸೇವೆ ಸಲ್ಲಿಸಿ, ಆಮೇಲೆ ಡಚ್ಚರ ಆಳ್ವಿಕೆಯಲ್ಲಿದ್ದ ಸಿಲೋನಿಗೆ ಹೋದರು. ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶ ನಿಷಿದ್ಧವಾಗಿತ್ತು. ಪೂಜೆ ಇಲ್ಲದೆ, ಪಾದ್ರಿಗಳಿಲ್ಲದೆ ಜನ ದಶಕಗಳನ್ನು ಕಳೆದಿದ್ದರು. ಭಿಕ್ಷುಕನ ವೇಷದಲ್ಲಿ ಜಾಫ್ನಾ ಸೇರಿದ ವಾಜ್ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ತಿರುಗಿ, ಅದನ್ನು ಕಂಡು ಯಾರ ಮುಖ ಬದಲಾಗುತ್ತದೆ ಎಂದು ಗಮನಿಸುತ್ತ ಗುಟ್ಟಾಗಿ ಉಳಿದಿದ್ದ ವಿಶ್ವಾಸಿಗಳನ್ನು ಪತ್ತೆ ಹಚ್ಚಿದರೆಂದು ಅವರ ಚರಿತ್ರೆ ಹೇಳುತ್ತದೆ. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಬಾಯಿಪಾಠವಾಗಿದ್ದ ಜಪಗಳಿಲ್ಲದಿದ್ದರೆ ಆ ಜನರ ಬಳಿ ಉಳಿಯುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ. ರೂಢಿ ಬರಿಯ ಪಾತ್ರೆ ನಿಜ. ಆದರೆ ಪಾತ್ರೆಯನ್ನು ಒಡೆದುಕೊಂಡವರು ನೀರು ಸಿಕ್ಕಾಗ ಬೊಗಸೆಯನ್ನೇ ನಂಬಬೇಕಾಗುತ್ತದೆ.

ಈಗ ಜಪಮಾಲೆಗೆ ಬರೋಣ, ಏಕೆಂದರೆ ನಮ್ಮ ಮನೆಗಳಲ್ಲಿ ಯಾಂತ್ರಿಕವಾಗುವ ಪ್ರಾರ್ಥನೆಗಳಲ್ಲಿ ಮೊದಲನೆಯದು ಇದೇ. ಐದು ದಶಕಗಳನ್ನು, ಅಂದರೆ ಹತ್ತು ಹತ್ತು ಮಣಿಗಳ ಐದು ಗುಂಪುಗಳನ್ನು, ಮನೆಮಂದಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ. ನೀವು ಒಬ್ಬರೇ ಇರುವಾಗ ಒಂದೇ ದಶಕವನ್ನು ತೆಗೆದುಕೊಂಡು ಅದಕ್ಕೇ ಹತ್ತು ನಿಮಿಷ ಕೊಡಿ. ಜಪಮಾಲೆಯ ಜೀವವಿರುವುದು ನಮೋ ಮರಿಯ ಜಪದ ಎಣಿಕೆಯಲ್ಲಲ್ಲ, ಎಣಿಸುತ್ತಿರುವಾಗ ಮನಸ್ಸಿನ ಮುಂದೆ ಇಟ್ಟುಕೊಳ್ಳುವ ರಹಸ್ಯದಲ್ಲಿ, ಅಂದರೆ ಯೇಸು ಮತ್ತು ಮರಿಯಮ್ಮನವರ ಬಾಳಿನ ಒಂದೊಂದು ಘಟನೆಯಲ್ಲಿ. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು. ಗುರುವಾರದ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಸೇರಿಸಿದರು. ಸಂತೋಷದ ಎರಡನೆಯ ರಹಸ್ಯವನ್ನೇ ನೋಡಿ. ಬಸುರಿಯಾಗಿರುವ ಎಳೆಯ ಹೆಣ್ಣೊಬ್ಬಳು, ವಯಸ್ಸಾದ ಮೇಲೆ ಬಸುರಾದ ನೆಂಟಳಿಗೆ ಆಸರೆಯಾಗಲೆಂದು ಬೆಟ್ಟದ ಸೀಮೆಗೆ ಅವಸರದಿಂದ ಹೊರಡುತ್ತಾಳೆ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಯ ಕಡೆಯ ಬಾಣಂತನಕ್ಕೆ ಹೋಗಿಬಂದ ಹೆಂಗಸರು ನಮ್ಮ ಕುಟುಂಬಗಳಲ್ಲಿ ಎಷ್ಟಿಲ್ಲ! ಆ ದಾರಿಯ ತಿರುವುಗಳು, ವಾಂತಿ, ಸೊಂಟನೋವು, ಬಾಗಿಲಲ್ಲಿ ಕಾದು ನಿಂತ ಮುಖ, ಇಷ್ಟನ್ನು ಕಣ್ಣಮುಂದೆ ತಂದುಕೊಂಡು ಹತ್ತು ಮಣಿ ದಾಟಿಸಿದರೆ ಮರಿಯಮ್ಮನವರು ಪಟದಿಂದ ಇಳಿದು ಬಂದು ಪಕ್ಕದಲ್ಲಿ ಕೂತಂತಾಗುತ್ತದೆ. ಮನಸ್ಸು ಚದುರಿದಾಗ, ಚದುರಿ ಯಾರ ಕಡೆಗೆ ಹೋಯಿತೋ ಆ ವ್ಯಕ್ತಿಗಾಗಿಯೇ ಮುಂದಿನ ಮಣಿಯನ್ನು ಹೇಳಿಬಿಡಿ. ಅನ್ಯರಂತೆ ಬರಿದೆ ಮಾತು ಬೆಳೆಸಬೇಡಿರೆಂದು ಯೇಸು ಹೇಳಿದ್ದು ಪುನರಾವರ್ತನೆಗೆ ಎಂದು ನನಗನ್ನಿಸುವುದಿಲ್ಲ; ಗೆತ್ಸೆಮನೆ ತೋಪಿನಲ್ಲಿ ಅವರೂ ಅದೇ ಮಾತುಗಳಲ್ಲಿ ಮತ್ತೆ ಮತ್ತೆ ಪ್ರಾರ್ಥಿಸಿದರೆಂದು ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿದೆ.

ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕೆಂಬುದು ನಮ್ಮ ಜಿಲ್ಲೆಯವರಿಗೆ ಸಣ್ಣ ಪ್ರಶ್ನೆಯಲ್ಲ. ಮನೆಯ ಜಪ ಕೊಂಕಣಿಯಲ್ಲಿ, ಶಾಲೆಯ ಪ್ರಾರ್ಥನೆ ಕನ್ನಡದಲ್ಲಿ, ಕೆಲಸಕ್ಕೆಂದು ಹೋದ ಪಟ್ಟಣದಲ್ಲಿ ಪೂಜೆ ಇಂಗ್ಲಿಷಿನಲ್ಲಿ. ಲೋಕದ ಕಥೋಲಿಕ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಆರಾಧನೆಯ ಸಂವಿಧಾನ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಅರಿತು ಭಾಗವಹಿಸಬೇಕು, ಮೂಕ ಪ್ರೇಕ್ಷಕರಾಗಿ ಕೂರಬಾರದು ಎಂಬುದೇ ಅದರ ಆಶಯ. ಆ ಆಶಯವನ್ನು ಖಾಸಗಿ ಪ್ರಾರ್ಥನೆಗೂ ಅನ್ವಯಿಸಿಕೊಳ್ಳಬೇಕು. ನೋವಾದಾಗ ನಿಮ್ಮ ಬಾಯಿಂದ ತಾನಾಗಿ ಹೊರಡುವ ಭಾಷೆ ಯಾವುದೋ ಅದರಲ್ಲಿ ದೇವರೊಡನೆ ಮಾತಾಡಿ. ಬಾಯಿಪಾಠದ ಜಪವನ್ನು ಆಗಾಗ ಎರಡನೆಯ ಭಾಷೆಯಲ್ಲಿ ಹೇಳಿ ನೋಡಿ. ಕೊಂಕಣಿಯಲ್ಲಿ ಸರಾಗವಾಗಿ ಜಾರಿಹೋಗುತ್ತಿದ್ದ ಪದಗಳು ಕನ್ನಡದಲ್ಲಿ ಹೇಳುವಾಗ ತಡೆದು ನಿಂತು ತಮ್ಮ ಅರ್ಥವನ್ನು ಕೇಳಿಸುತ್ತವೆ.

ಜಪದ ಜೊತೆಗೆ ಶುಭಸಂದೇಶದ ಓದು ಬೇಕು, ಮತ್ತು ಅದು ಕಡಿಮೆ ಪ್ರಮಾಣದಲ್ಲಿರಬೇಕು. ಮಾರ್ಕನ ಶುಭಸಂದೇಶದಿಂದ ಆರಂಭಿಸುವುದು ಒಳ್ಳೆಯದು; ಅದು ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯಗಳಷ್ಟೇ. ದಿನಕ್ಕೆ ಒಂದು ಘಟನೆ ಸಾಕು. ಮಠಗಳಲ್ಲಿ ಶತಮಾನಗಳಿಂದ ನಡೆದುಬಂದ ಕ್ರಮದಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಓದುವುದು, ಮನಸ್ಸಿಗೆ ತಾಗಿದ ಒಂದು ಮಾತನ್ನು ಮೆಲುಕು ಹಾಕುವುದು, ಆ ಮಾತನ್ನೇ ಹಿಡಿದು ದೇವರೊಡನೆ ಮಾತಾಡುವುದು, ಆಮೇಲೆ ಸುಮ್ಮನೆ ಕೂರುವುದು. ರಾತ್ರಿಯಿಡೀ ದುಡಿದರೂ ಒಂದು ಮೀನೂ ಸಿಗಲಿಲ್ಲವೆಂದು ಪೇತ್ರ ಹೇಳುವ ಲೂಕನ ಭಾಗವನ್ನು ಕಾರವಾರದ ಬೈತಖೋಲ ಬಂದರಿನ ಪಕ್ಕದಲ್ಲಿ ಬೆಳೆದವರು ಓದುವ ರೀತಿಯೇ ಬೇರೆ. ಬರಿದಾದ ಬಲೆಯನ್ನು ತೊಳೆಯುವ ಬೇಸರ ಅವರಿಗೆ ವಿವರಿಸಬೇಕಾದ್ದಲ್ಲ. ಭಾನುವಾರದ ವಾಚನಗಳನ್ನು ಶನಿವಾರ ರಾತ್ರಿಯೇ ಒಮ್ಮೆ ಓದಿಕೊಂಡು ಹೋದರೆ, ಚರ್ಚಿನಲ್ಲಿ ಅವು ಪರಿಚಿತರ ಧ್ವನಿಯಂತೆ ಕೇಳುತ್ತವೆ.

ಪಾಪನಿವೇದನೆಯ ಬಗ್ಗೆ ಹೆಚ್ಚು ಹೇಳಬೇಕಿದೆ. ನಮ್ಮಲ್ಲಿ ಬಹುಪಾಲು ಜನ ಮೊದಲ ಪರಮಪ್ರಸಾದದ ಮುನ್ನ ಕಲಿತ ಪಟ್ಟಿಯನ್ನೇ ಮೂವತ್ತು ದಾಟಿದರೂ ಒಪ್ಪಿಸುತ್ತಾರೆ: ಸುಳ್ಳು ಹೇಳಿದೆ, ತಂದೆತಾಯಿಯ ಮಾತು ಮೀರಿದೆ, ಪ್ರಾರ್ಥನೆ ತಪ್ಪಿಸಿದೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಜೊತೆಯ ಕೆಲಸಗಾರನೊಬ್ಬನ ಹೆಸರು ಕೆಡುವಂತೆ ನಾನು ಆಡಿದ ಮಾತು ಎದೆಯಲ್ಲಿ ಮುಳ್ಳಾಗಿದ್ದಾಗಲೂ ಬಾಲ್ಯದ ಪಟ್ಟಿಯನ್ನು ಹೇಳಿ ಎದ್ದು ಬಂದಿದ್ದೇನೆ. ಇದನ್ನು ಸರಿಪಡಿಸಿಕೊಳ್ಳಲು ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ದಿನದ ಆತ್ಮಪರೀಕ್ಷೆಯನ್ನು ರೂಢಿಸಿಕೊಳ್ಳಬೇಕು. ಮಲಗುವ ಮುನ್ನ ದಿನದ ಒಳಿತಿಗಾಗಿ ಕೃತಜ್ಞತೆ ಸಲ್ಲಿಸಿ, ನಿಜವನ್ನು ಕಾಣುವ ಬೆಳಕನ್ನು ಬೇಡಿ, ಬೆಳಗಿನಿಂದ ನಡೆದದ್ದನ್ನು ಗಂಟೆ ಗಂಟೆಯಾಗಿ ಹಿಂದಿರುಗಿ ನೋಡಿ, ತಪ್ಪಿಗೆ ಕ್ಷಮೆ ಕೇಳಿ, ನಾಳೆ ತಿದ್ದಿಕೊಳ್ಳುವ ಒಂದು ವಿಷಯವನ್ನು ಗೊತ್ತುಮಾಡಿಕೊಳ್ಳುವುದೇ ಅದರ ಕ್ರಮ. ಒಂದು ತಿಂಗಳು ಹೀಗೆ ಮಾಡಿದವರಿಗೆ ಪಾಪನಿವೇದನೆಯಲ್ಲಿ ಏನು ಹೇಳಬೇಕೆಂದು ಯಾರೂ ಕಲಿಸಬೇಕಾಗುವುದಿಲ್ಲ. ಚಿಕ್ಕ ಧರ್ಮಕೇಂದ್ರಗಳಲ್ಲಿ ಗುರುಗಳಿಗೆ ಮನೆಮಂದಿಯೆಲ್ಲ ಪರಿಚಯವಿರುವುದರಿಂದ ಬಾಯಿ ಕಟ್ಟಿಹೋಗುತ್ತದೆ. ಆಗ ಬೇರೆ ಊರಿನ ಗುರುಗಳ ಬಳಿ ಹೋಗಲು ಯಾವ ಅಡ್ಡಿಯೂ ಇಲ್ಲ. ಕರಾವಳಿಯವರು ಶಿರಸಿಗೆ, ಶಿರಸಿಯವರು ಕಾರವಾರಕ್ಕೆ ಹೋದಾಗ ಅಲ್ಲಿಯೇ ಮಾಡಬಹುದು. ಪರದೆಯ ಹಿಂದಿನಿಂದ ಮಾತಾಡುವ ಅವಕಾಶ ನಿಮಗಿದೆ, ಮತ್ತು ಅಲ್ಲಿ ಹೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ.

ಇಷ್ಟೆಲ್ಲ ಮಾಡುವಾಗ ಸಂದೇಹ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ಯಾಂತ್ರಿಕವಾಗಿ ಜಪಿಸುವವರಿಗೆ ಸಂದೇಹ ಬರಲು ಸಮಯವೇ ಇರುವುದಿಲ್ಲ. ಅರ್ಥಕ್ಕೆ ಕಿವಿಗೊಟ್ಟವರಿಗೆ, ಇದನ್ನು ನಾನು ನಿಜಕ್ಕೂ ನಂಬುತ್ತೇನೆಯೇ ಎಂಬ ಪ್ರಶ್ನೆ ಮೊದಲ ಬಾರಿಗೆ ಏಳುತ್ತದೆ. ಹೆದರಬೇಕಾದ್ದಿಲ್ಲ. ಲಿಸಿಯೋದ ಸಂತ ತೆರೇಸಾ 1897ರಲ್ಲಿ, 24ನೆಯ ವಯಸ್ಸಿಗೆ ತೀರಿಕೊಳ್ಳುವ ಮುನ್ನ, ಸ್ವರ್ಗವೆಂಬುದೇ ಇಲ್ಲವೇನೋ ಎಂಬ ಕತ್ತಲೆಯಲ್ಲಿ ಸುಮಾರು ಒಂದೂವರೆ ವರ್ಷ ಕಳೆದರು. ಕೊಲ್ಕತ್ತದ ಮದರ್ ತೆರೇಸಾರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಅವರು ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವಿಲ್ಲದೆಯೇ ಪ್ರಾರ್ಥಿಸಿದ್ದರೆಂಬುದು ಲೋಕಕ್ಕೆ ತಿಳಿಯಿತು. ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆ, ನಂಬುತ್ತೇನೆ ಎಂದೂ ತನ್ನ ಅಪನಂಬಿಕೆಯನ್ನು ನೀಗಿಸಿರೆಂದೂ ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಅವನ ಮಗನಿಗೆ ಗುಣವಾಗುತ್ತದೆ. ಆ ತಂದೆಯ ಕೂಗನ್ನೇ ನಿಮ್ಮ ಪ್ರಾರ್ಥನೆಯಾಗಿ ಇಟ್ಟುಕೊಳ್ಳಿ, ಮತ್ತು ನಿಮ್ಮ ಪ್ರಶ್ನೆಯನ್ನು ಬರೆದುಕೊಂಡು ಗುರುಗಳ ಬಳಿ ಬಿಡುವಿನ ವೇಳೆ ಕೇಳಿ ಹೋಗಿ. ಪೂಜೆ ಮುಗಿದ ಬೆನ್ನಿಗೆ ಬಾಗಿಲಲ್ಲಿ ಕೇಳಿದರೆ ಎರಡು ನಿಮಿಷದ ಉತ್ತರವಷ್ಟೇ ಸಿಗುತ್ತದೆ.

ಸಂದೇಹಕ್ಕೆ ಇನ್ನೊಂದು ಮದ್ದು ಕೈಕೆಲಸ. ಪ್ಯಾರಿಸಿನಲ್ಲಿ ಓದುತ್ತಿದ್ದ ಫ್ರೆಡರಿಕ್ ಒಜಾನಮ್, ನಿಮ್ಮ ಧರ್ಮಸಭೆ ಇಂದು ಬಡವರಿಗಾಗಿ ಏನು ಮಾಡುತ್ತಿದೆ ಎಂಬ ಸವಾಲಿಗೆ ಉತ್ತರವಾಗಿ 1833ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಗೆಳೆಯರೊಡನೆ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯನ್ನು ಆರಂಭಿಸಿದರು. ವಾರಕ್ಕೊಮ್ಮೆ ಹಾಸಿಗೆ ಹಿಡಿದ ಒಬ್ಬರ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ.

ಮನೆಯವರೊಡನೆ ಮಾತಾಡುವುದು ಎಲ್ಲಕ್ಕಿಂತ ಕಷ್ಟ. ನಾನು ತೇರ್ಸ್‌ಗೆ ಕೂರುವುದಿಲ್ಲ ಎಂದರೆ ತಾಯಿಯ ಕಿವಿಗೆ ಅದು, ನಾನು ನಿಮ್ಮವನಲ್ಲ ಎಂದಂತೆ ಕೇಳುತ್ತದೆ. ಆದ್ದರಿಂದ ಇಲ್ಲವೆಂಬ ಮಾತಿನಿಂದ ಆರಂಭಿಸಬಾರದು. "ಅಮ್ಮ, ನಂಗೆ ಐದು ದಶಕ ಹೇಳುವಾಗ ಮನಸ್ಸು ನಿಲ್ತಾ ಇಲ್ಲ, ಇವತ್ತು ಮೂರನೆಯದನ್ನ ನಾನೇ ನಿಧಾನಕ್ಕೆ ಹೇಳಿಸ್ತೆ, ಆಗ್ಬಹುದಾ?" ಎಂದು ಕೇಳಿದಾಗ ನನ್ನ ತಾಯಿ ಬೇಡವೆನ್ನಲಿಲ್ಲ. ಶಿರಸಿಯ ನನ್ನ ಹವ್ಯಕ ಗೆಳೆಯನೊಬ್ಬ ಸಂಧ್ಯಾವಂದನೆಯ ವಿಷಯದಲ್ಲಿ ತನ್ನ ತಂದೆಯೊಡನೆ ಇದೇ ಬಗೆಯ ಮಾತುಕತೆ ನಡೆಸಿದ್ದನ್ನು ಕೇಳಿದ ಮೇಲೆ, ಇದು ನಮ್ಮೊಬ್ಬರ ಮನೆಯ ತೊಡಕಲ್ಲವೆಂದು ಗೊತ್ತಾಗಿ ನನಗೆ ಧೈರ್ಯ ಬಂದಿತ್ತು.

ತಂದೆತಾಯಂದಿರಿಗೂ ಒಂದು ಮಾತು. ದೂರದ ಊರಿನಲ್ಲಿರುವ ಮಗನಿಗೋ ಮಗಳಿಗೋ ಭಾನುವಾರ ಫೋನ್ ಮಾಡಿ, ಪೂಜೆಗೆ ಹೋಗಿದ್ದೆಯಾ ಎಂದಷ್ಟೇ ಕೇಳಿದರೆ ಹೌದೆಂಬ ಉತ್ತರ ಬರುತ್ತದೆ, ಅದು ನಿಜವಿರಲಿ ಇಲ್ಲದಿರಲಿ. ಇಂದು ಯಾರಿಗಾಗಿ ಪ್ರಾರ್ಥಿಸಿದೆ ಎಂದು ಕೇಳಿ, ನೀವು ಯಾರಿಗಾಗಿ ಪ್ರಾರ್ಥಿಸಿದಿರೆಂಬುದನ್ನೂ ಹೇಳಿ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ವಿಶ್ವಾಸವೆಂಬುದು ಸ್ವಇಚ್ಛೆಯ ಕ್ರಿಯೆ, ಅದನ್ನು ಯಾರ ಮೇಲೂ ಒತ್ತಾಯದಿಂದ ಹೇರಲಾಗದು ಎಂದು ಸ್ಪಷ್ಟವಾಗಿ ಹೇಳಿದೆ. ಬೆಳೆದ ಮಕ್ಕಳಿಗೂ ಅದು ಅನ್ವಯಿಸುತ್ತದೆ. ಇಷ್ಟೆಲ್ಲ ಪ್ರಾಮಾಣಿಕವಾಗಿ ಪ್ರಯತ್ನಿಸಿದ ಮೇಲೂ ಒಬ್ಬರಿಗೆ ವಿಶ್ವಾಸ ಮೂಡದಿದ್ದರೆ, ಅವರು ಮನೆಯವರೊಡನೆ ಬೆಂಚಿನಲ್ಲಿ ಗೌರವದಿಂದ ಕೂರಲಿ. ಆದರೆ ನೆಂಟರ ಮುಖ ನೋಡಿ ಪರಮಪ್ರಸಾದದ ಸಾಲಿಗೆ ನಿಲ್ಲುವುದಾಗಲಿ, ಜ್ಞಾನಸ್ನಾನದಲ್ಲಿ ಅಕ್ಕನ ಮಗುವಿಗೆ ಜ್ಞಾನ ತಂದೆಯಾಗಲು ಒಪ್ಪುವುದಾಗಲಿ ಬೇಡ. ಆ ಪಾತ್ರಕ್ಕೆ ಧರ್ಮಸಭೆ ವಯಸ್ಸು, ದೃಢೀಕರಣ ಸಂಸ್ಕಾರಗಳ ಜೊತೆಗೆ ವಿಶ್ವಾಸಕ್ಕೆ ತಕ್ಕ ಬಾಳನ್ನೂ ಕೇಳುತ್ತದೆ. ಅಕ್ಕನಿಗೆ ಕಾರಣವನ್ನು ಮೊದಲೇ, ಖಾಸಗಿಯಾಗಿ ಹೇಳಿಬಿಟ್ಟರೆ ಜ್ಞಾನಸ್ನಾನದ ದಿನ ಯಾರಿಗೂ ನೋವಾಗುವುದಿಲ್ಲ.

ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ದಶಕವನ್ನು ನೀವೇ ಕೇಳಿ ಪಡೆದುಕೊಳ್ಳಿ. ಆರಂಭಿಸುವ ಮುನ್ನ ಆ ರಹಸ್ಯದ ದೃಶ್ಯವನ್ನು ಒಂದೇ ವಾಕ್ಯದಲ್ಲಿ, ನಿಮ್ಮದೇ ಮಾತಿನಲ್ಲಿ ಹೇಳಿ, ಮೂರು ಉಸಿರಿನಷ್ಟು ಹೊತ್ತು ಸುಮ್ಮನಿರಿ. ಮನೆಯ ಚಿಕ್ಕ ಮಗು ತಲೆಯೆತ್ತಿ ನೋಡಿದರೆ ಅದರ ಕೈಗೂ ಒಂದು ಮಣಿ ಕೊಡಿ. ಮುಗಿದ ಮೇಲೆ ಹಿರಿಯರ ಮುಂದೆ ಹೋಗಿ ಬೆಸಾಂವ್ ಬೇಡಿ. ಅಷ್ಟರಲ್ಲಿ ಆ ಮಗು ನಿಮ್ಮ ಮುಂದೆ ಕೈಮುಗಿದು ನಿಂತಿದ್ದರೆ, ಅದರ ತಲೆಯ ಮೇಲೆ ಕೈಯಿಡಿ.